ಹೆಜ್ಜಾರ್ಲೆಯ ಮರಿ, ಅಜ್ಜಿಯ ಹುಣಸೆ

ಕೊಕ್ಕರೆ ಬೆಳ್ಳೂರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬಡಿಯುವ ಊರು. ಬೆಂಗಳೂರಿನಿಂದ ಮೈಸೂರಿನ ಕಡೆಗೆ ಬರುವವರು ಚನ್ನಪಟ್ಟಣ ದಾಟಿದ ಮೇಲೆ, ಮದ್ದೂರು ಸಿಗುವ ಮುಂಚೆ, ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಬೇಕು. ಅಲ್ಲಿಂದ ಸುಮಾರು 12 ಕಿಲೋಮೀಟರ್ ಒಳದಾರಿ. ಕಬ್ಬಿನ ಗದ್ದೆ, ಹಿಪ್ಪುನೇರಳೆ ತೋಟ, ಡಾಂಬರಿನ ಮೇಲೆಯೇ ಹರಡಿದ ಹುರುಳಿ. ಅದರ ಮೇಲೆ ಬಸ್ಸು ಹಾದು ಒಕ್ಕಣೆ ಪುಕ್ಕಟೆಯಾಗಿ ನಡೆದುಹೋಗುತ್ತಿತ್ತು. ಗಾಳಿ ಊರ ಕಡೆಯಿಂದ ಬೀಸಿದರೆ ಮನೆಗಳಿನ್ನೂ ಮರೆಯಲ್ಲಿರುವಾಗಲೇ ವಾಸನೆ ಬಸ್ಸಿನೊಳಗೆ ಬರುತ್ತಿತ್ತು: ಹಳಸಿದ ಮೀನು, ಹಸಿ ಸುಣ್ಣ, ಅದರಡಿಯಲ್ಲೆಲ್ಲೋ ಹುಣಸೆಯ ಹುಳಿ. ಹೊಸಬರು ಕರ್ಚೀಫು ತೆಗೆಯುತ್ತಿದ್ದರು, ಊರಿನವರು ಅವರನ್ನು ನೋಡಿ ನಗುತ್ತಿದ್ದರು.

ನಾನು ಅಲ್ಲಿಗೆ ಹೋಗತೊಡಗಿದ್ದು 1990ರ ದಶಕದ ಕೊನೆಯಲ್ಲಿ, ಮೈಸೂರಿನಲ್ಲಿ ಪದವಿ ಓದುತ್ತಿದ್ದಾಗ. ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರು ಆ ಊರಿನ ಹುಡುಗರ ಜೊತೆ ಸೇರಿ ಕೆಲವು ವರ್ಷಗಳಿಂದ ಗೂಡಿನಿಂದ ಬಿದ್ದ ಹಕ್ಕಿಮರಿಗಳನ್ನು ಎತ್ತಿ ಸಾಕುವ ಕೆಲಸ ಮಾಡುತ್ತಿದ್ದರು. ಊರಿನ ಹುಡುಗರದೇ ಒಂದು ಗುಂಪು ಕಟ್ಟಿಕೊಂಡಿತ್ತು, ಹೆಜ್ಜಾರ್ಲೆ ಬಳಗ. ಹೆಜ್ಜಾರ್ಲೆ ಎಂದರೆ ಪೆಲಿಕನ್. ಕೈ ಸಾಲದಾಗ ನಮ್ಮಂಥ ಕಾಲೇಜು ಹುಡುಗರನ್ನೂ ಕರೆಯುತ್ತಿದ್ದರು. ಕೈ ಸಾಲದ ಕಾಲ ಯಾವುದೆಂದರೆ ಸಂಕ್ರಾಂತಿ ಕಳೆದು ಶಿವರಾತ್ರಿ ಬರುವವರೆಗಿನದು. ದೀಪಾವಳಿಯ ಆಸುಪಾಸಿನಿಂದ ಬರತೊಡಗುವ ಹೆಜ್ಜಾರ್ಲೆಗಳು ಗೂಡು ಕಟ್ಟಿ, ಮೊಟ್ಟೆಯಿಟ್ಟು, ತಿಂಗಳು ಕಾವು ಕೂತು ಮರಿ ಮಾಡಿರುತ್ತವೆ. ಶಿಶಿರದ ಹೊತ್ತಿಗೆ ಮರಿಗಳು ರೆಕ್ಕೆ ಬಡಿಯುವಷ್ಟು ದೊಡ್ಡವು, ಹಾರುವಷ್ಟು ದೊಡ್ಡವಲ್ಲ. ಗೂಡೆಂದರೆ ಕಡ್ಡಿಗಳ ಒಂದು ತಟ್ಟೆ, ಅಂಚು ಕಟ್ಟೆ ಏನೂ ಇಲ್ಲ. ಮೀನು ತಂದ ತಾಯಿಯ ಗಂಟಲಿಗೆ ತಲೆ ತೂರಿಸಲು ಮರಿಗಳು ಒಂದರ ಮೇಲೊಂದು ಮುಗಿಬಿದ್ದಾಗ ಒಂದಲ್ಲ ಒಂದು ಜಾರುತ್ತದೆ. ಕೆಳಗೆ ಕಾಡಿಲ್ಲ, ಹಿತ್ತಿಲು, ತಿಪ್ಪೆ, ಕೊಟ್ಟಿಗೆ, ಕೆಲವು ಸಲ ಅಡುಗೆಮನೆಯ ಹೆಂಚು.

ಈ ಊರಿನ ವಿಶೇಷವೇ ಅದು. ರಂಗನತಿಟ್ಟಿನಲ್ಲಿ ಹಕ್ಕಿಗೂ ನಮಗೂ ನಡುವೆ ಕಾವೇರಿ ಇದೆ, ಅದರಲ್ಲಿ ಮೊಸಳೆ ಇದೆ, ದೋಣಿಯವನ ಎಚ್ಚರಿಕೆ ಇದೆ. ಇಲ್ಲಿ ಬೇಲಿ ಎಲ್ಲಿ ಹಾಕುವುದು? ಎರಡು ಮೀಟರಿಗೂ ಮಿಕ್ಕಿ ರೆಕ್ಕೆ ಹರವುವ ಹಕ್ಕಿ ಮನೆಮುಂದಿನ ಹುಣಸೆಯ ನೆತ್ತಿಯಲ್ಲಿ ಕೂತಿರುತ್ತದೆ, ಕೆಳಗೆ ಹೆಂಗಸರು ಪಾತ್ರೆ ಬೆಳಗುತ್ತಿರುತ್ತಾರೆ. ಅದೇ ಮರದ ಇನ್ನೊಂದು ಕೊಂಬೆಯಲ್ಲಿ ಬಣ್ಣದ ಕೊಕ್ಕರೆಗಳು ಕೊಕ್ಕು ಕುಟ್ಟುತ್ತಿರುತ್ತವೆ, ಬಿಸಿಲೇರಿದರೆ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಹಿಡಿಯುತ್ತವೆ. ದೊಡ್ಡ ಹೆಜ್ಜಾರ್ಲೆಗಳಿಗೆ ಬಾಯಿ ಇದ್ದರೂ ಮಾತು ಕಡಿಮೆ. ಗದ್ದಲವೆಲ್ಲ ಮರಿಗಳದು.

ಬೆಳಗಿನ ಜಾವದ ಸುತ್ತು ನಮ್ಮ ಮೊದಲ ಕೆಲಸ. ಶಿಂಷಾ ನದಿಯ ಕಡೆಯಿಂದ ಎದ್ದ ಮಂಜು ಇನ್ನೂ ಬೀದಿಯಲ್ಲಿರುವಾಗ, ಸ್ವೆಟರು ಮಫ್ಲರು ಸುತ್ತಿಕೊಂಡು ಮರದಿಂದ ಮರಕ್ಕೆ ಹೋಗಬೇಕು. ರಾತ್ರಿ ಬಿದ್ದ ಮರಿಯನ್ನು ನಾಯಿ ಮೂಸುವ ಮುಂಚೆ ನಾವು ನೋಡಬೇಕು. ಇದರಲ್ಲಿ ನಮಗಿಂತ ಊರಿನ ಮಕ್ಕಳು ಚುರುಕು. ಶಾಲೆಗೆ ಹೊರಟ ಹುಡುಗಿ ಬಾಗಿಲಲ್ಲಿ ನಿಂತು, “ಅಣ್ಣ, ಆಲದ ಮರದ ತಾವ ಒಂದು ಬಿದ್ದದೆ” ಎಂದು ಹೇಳಿ ಓಡಿಹೋಗುತ್ತಿದ್ದಳು. ಹೆಜ್ಜಾರ್ಲೆಯ ತಾಯಿ ಅದೇ ಮರದ ಮೇಲೆ ಕೂತಿರುತ್ತದೆ. ಮರಿ ಕೆಳಗೆ ಬಿದ್ದದ್ದನ್ನು ಅದು ನೋಡಿಯೂ ನೋಡದಂತೆ ಗೂಡಿನಲ್ಲಿ ಉಳಿದದ್ದಕ್ಕೆ ಮೀನು ಕೊಡುತ್ತದೆ. ನೆಲಕ್ಕೆ ಬಂದ ಮರಿಗೆ ಅವು ಉಣಿಸುವುದಿಲ್ಲ. ಮೊದಮೊದಲು ನನಗೆ ಆ ತಾಯಿಯ ಮೇಲೆ ಸಿಟ್ಟು ಬರುತ್ತಿತ್ತು. ಹಕ್ಕಿಯ ಮೇಲೆ ಸಿಟ್ಟು ಮಾಡಿಕೊಳ್ಳುವ ವಯಸ್ಸು ಅದು.

ಹೆಜ್ಜಾರ್ಲೆಯ ಮರಿಯನ್ನು ಹಿಡಿಯುವುದಕ್ಕೆ ಒಂದು ಕ್ರಮವಿದೆ. ಗೋಣಿತಾಟನ್ನು ಮೇಲೆ ಹಾಕಿ, ರೆಕ್ಕೆಗಳನ್ನು ಮೈಗೆ ಒತ್ತಿ, ಕಂಕುಳಲ್ಲಿ ಎತ್ತಿಕೊಳ್ಳಬೇಕು. ಇನ್ನೊಂದು ಕೈ ಕೊಕ್ಕಿಗೆ. ಆದರೆ ಕೊಕ್ಕನ್ನು ಪೂರ್ತಿ ಮುಚ್ಚಿ ಹಿಡಿಯುವಂತಿಲ್ಲ, ಎರಡು ದವಡೆಗಳ ನಡುವೆ ಒಂದು ಬೆರಳು ಇರಲೇಬೇಕು. ಇವುಗಳ ಮೂಗಿನ ಹೊಳ್ಳೆ ಇದ್ದೂ ಇಲ್ಲದಂತೆ, ಉಸಿರಾಡುವುದು ಬಾಯಿಂದ. ಇದನ್ನು ನನಗೆ ಕಲಿಸಿದವನು ಬಳಗದ ಒಬ್ಬ ಹುಡುಗ, ನನಗಿಂತ ಚಿಕ್ಕವನು, ಎಸ್ಸೆಸ್ಸೆಲ್ಸಿಗೆ ನಿಂತವನು. ಮೈ ಮುಟ್ಟಿದರೆ ಚರ್ಮದಡಿಯಲ್ಲಿ ಚರಚರ ಎನ್ನುತ್ತದೆ, ಹಪ್ಪಳದ ಮೇಲೆ ಬೆರಳೂರಿದ ಹಾಗೆ. ಮೂಳೆ ಮುರಿದಿದೆಯೆಂದು ನಾನು ಕೈಬಿಡಲು ಹೋದಾಗ ಅವನು ನಕ್ಕ: “ಅದು ಗಾಳಿ ಕನಣ್ಣ.” ನಿಜ, ಹೆಜ್ಜಾರ್ಲೆಗಳ ಚರ್ಮದ ಕೆಳಗೆ ಗಾಳಿಯ ಸಣ್ಣ ಸಣ್ಣ ಚೀಲಗಳಿರುತ್ತವೆ. ಅಷ್ಟು ದೊಡ್ಡ ಹಕ್ಕಿ ನೀರಿನ ಮೇಲೆ ಬೆಂಡಿನಂತೆ ತೇಲುವುದರ ಹಿಂದೆ ಅವೂ ಇವೆ.

ಹೆದರಿದ ಮರಿ ಮೊದಲು ಮಾಡುವ ಕೆಲಸ ತಿಂದದ್ದನ್ನೆಲ್ಲ ಕಕ್ಕುವುದು. ಅರ್ಧ ಅರಗಿದ ಮೀನು ಅಂಗಿಯ ಮೇಲೆ. ಅದನ್ನು ತೊಳೆದ ಮೇಲೂ ವಾಸನೆ ಹೋಗುವುದಿಲ್ಲ, ಹಾಸ್ಟೆಲಿನಲ್ಲಿ ನನ್ನ ಕೋಣೆಯ ಜೊತೆಗಾರ ಸೋಮವಾರಗಳಂದು ಕಿಟಕಿಯ ಪಕ್ಕಕ್ಕೆ ಹಾಸಿಗೆ ಎಳೆದುಕೊಳ್ಳುತ್ತಿದ್ದ.

ಎತ್ತಿಕೊಂಡು ಬಂದ ಮರಿಗಳಿಗೆ ತಂತಿಬಲೆ ಹೊಡೆದ ಒಂದು ಆವರಣವಿತ್ತು. ದಿನಕ್ಕೆರಡು ಹೊತ್ತು ಮೀನು. ತೈಲೂರು ಕೆರೆಯ ಕಡೆಯಿಂದ ಸೈಕಲ್ಲಿನಲ್ಲಿ ಒಬ್ಬರು ಬುಟ್ಟಿ ತರುತ್ತಿದ್ದರು, ಹೆಚ್ಚಿನಂಶ ಜಿಲೇಬಿ ಮೀನು. ಜಿಲೇಬಿಯ ಬೆನ್ನ ಮೇಲೆ ಮುಳ್ಳಿನ ಸಾಲಿದೆ. ಬಾಲದ ಕಡೆಯಿಂದ ಕೊಟ್ಟರೆ ಮುಳ್ಳು ಗಂಟಲಲ್ಲಿ ಸೆಟೆದು ನಿಲ್ಲುತ್ತದೆ, ತಲೆ ಮೊದಲು ಹೋಗಬೇಕು. ಹೊಟ್ಟೆ ಹಸಿದ ಮರಿಗೆ ಇದೆಲ್ಲ ಹೇಳಿಕೊಡಬೇಕಾಗಿಲ್ಲ, ಅದೇ ಮೀನನ್ನು ಗಾಳಿಗೆ ಎಸೆದು ತಿರುಗಿಸಿಕೊಳ್ಳುತ್ತದೆ. ಮಂಕಾಗಿ ಕೂತ ಮರಿಗೆ ಮಾತ್ರ ನಾವೇ ಕೊಕ್ಕು ತೆರೆದು, ಮೀನಿಟ್ಟು, ಕತ್ತು ನೀವಿ ಕಾಯಬೇಕು. ಸೈಕಲ್ಲಿನವರು ಬಾಗಿಲಲ್ಲಿ ಕೂತು ಬೀಡಿ ಸೇದುತ್ತ, “ನನ್ ಮಕ್ಳಿಗೂ ಇಂಗೆ ತಿನ್ನಿಸ್ನಿಲ್ಲ ಕನ್ರಪ್ಪ” ಎನ್ನುತ್ತಿದ್ದರು. ಮೀನಿನ ಲೆಕ್ಕವನ್ನು ಮಾತ್ರ ಗೋಡೆಯ ಮೇಲೆ ಇದ್ದಿಲಿನಲ್ಲಿ ತಪ್ಪದೆ ಬರೆಯುತ್ತಿದ್ದರು.

ಆವರಣದ ಎದುರಿನ ಮನೆ ಒಬ್ಬ ಅಜ್ಜಿಯದು. ಅವಳ ಹಿತ್ತಿಲಲ್ಲಿ ಆ ಬೀದಿಗೇ ದೊಡ್ಡದಾದ ಹುಣಸೆಮರ, ಅದರ ತುಂಬ ಗೂಡು. ನಾನು ಅಂಗಿ ಒರೆಸಿಕೊಳ್ಳುತ್ತಿದ್ದಾಗ ಜಗಲಿಯ ಮೇಲಿಂದ ಕೇಳಿದಳು:

“ಏನ್ಲಾ ಮಗ, ಪ್ಯಾಟೆಯಿಂದ ಬಂದು ಅದ್ರ ವಾಂತಿ ಬಳೀತಾ ಕುಂತಿದ್ದೀಯಲ್ಲ, ನಿಮ್ಮವ್ವಂಗೆ ಗೊತ್ತಾ?”

“ಗೊತ್ತಿಲ್ಲ ಕಣಜ್ಜಿ.”

“ಗೊತ್ತಾಗ್ದೆ ಇರೋದೇ ವಾಸಿ.”

ಪೇಟೆಯವರು ಬಂದರೆ ಊರು ಹೇಳುವ ಮಾತೊಂದಿತ್ತು, ಇವತ್ತಿಗೂ ಇದೆ. ಹೆಜ್ಜಾರ್ಲೆ ಈ ಊರಿನ ಮಗಳು, ಬಾಣಂತನಕ್ಕೆ ತವರಿಗೆ ಬರುತ್ತಾಳೆ, ಬಂದ ಮಗಳನ್ನು ಯಾರಾದರೂ ಹೊರದಬ್ಬುತ್ತಾರೆಯೇ? ಹಿಂದೆ ಪ್ಲೇಗಿನ ಕಾಲದಲ್ಲಿ ಊರು ನದಿ ದಡದಿಂದ ಈಗಿನ ಜಾಗಕ್ಕೆ ಎದ್ದುಬಂದಾಗ ಹಕ್ಕಿಗಳೂ ಜನರ ಹಿಂದೆಯೇ ಬಂದವು ಎನ್ನುತ್ತಾರೆ. ಹಕ್ಕಿ ಬಾರದ ವರ್ಷ ಮಳೆ ಬಾರದು ಎಂಬ ನಂಬಿಕೆಯೂ ಇದೆ. ಪತ್ರಿಕೆಯವರು ಇದನ್ನು ಬರೆದುಕೊಂಡು, ಮುದುಕರ ಫೋಟೋ ತೆಗೆದು, ಮದ್ದೂರಿನಲ್ಲಿ ವಡೆ ತಿಂದು ಹೋಗುತ್ತಿದ್ದರು. ನಾನೂ ಮೊದಲ ಸಲ ಇಷ್ಟನ್ನೇ ಬರೆದುಕೊಂಡಿದ್ದೆ.

ಇದು ಸುಳ್ಳಲ್ಲ. ಆದರೆ ಅಜ್ಜಿ ತವರಿನ ಮಾತು ಆಡಿದ್ದನ್ನು ನಾನು ಕೇಳಿದ್ದು ಪರಸ್ಥಳದವರು ಎದುರಿಗಿದ್ದಾಗ ಮಾತ್ರ. ಉಳಿದ ಹೊತ್ತು ಅವಳ ಮಾತು ಹುಣಸೆಹಣ್ಣಿನದು. ಮರಿಗಳು ಗೂಡಿನಲ್ಲಿರುವ ಮಾಘ, ಫಾಲ್ಗುಣವೇ ಹುಣಸೆ ಬಡಿಯುವ ಕಾಲ. ದೋಟಿ ಹಿಡಿದು ಮರ ಹತ್ತಿದರೆ ಗೂಡು ಉರುಳುತ್ತದೆ. ಹತ್ತದಿದ್ದರೆ ಹಣ್ಣು ಮರದಲ್ಲೇ ಹಿಕ್ಕೆ ಮೆತ್ತಿಕೊಂಡು ಹಾಳಾಗುತ್ತದೆ. “ಅವಕ್ಕೇನು, ಮೇಲ್ ಕುಂತ್ಕಂಡು ಉಚ್ಕತವೆ. ಆ ಹಣ್ಣ ಯಾವನ್ ಕೊಂಡಾನು?” ಒಳ್ಳೆಯ ಫಸಲಿನ ವರ್ಷ ಆ ಒಂದು ಮರ ಅವಳಿಗೆ ಏನು ತರಬಹುದಿತ್ತು ಎಂಬುದು ಬಾಯಿಪಾಠ. ಗೂಡಿರುವ ಮರಗಳಿಗೆ ಇಷ್ಟೆಂದು ಪರಿಹಾರ ಕೊಡುವ ಏರ್ಪಾಡು ಇತ್ತು; ಹುಣಸೆಯ ದರ ಏರಿದ ವರ್ಷ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಲೆಕ್ಕದ ಇನ್ನೊಂದು ಬದಿಯೂ ಅವಳಿಗೆ ಗೊತ್ತಿತ್ತು. ಮರದಡಿಯಲ್ಲಿ ಗುಣಿ ತೋಡಿ, ಕೆರೆಗೋಡು ತಂದು ತುಂಬಿ, ಮೇಲಿಂದ ಬೀಳುವುದನ್ನೆಲ್ಲ ಅದರಲ್ಲಿ ಹಿಡಿದು, ಬೇಸಿಗೆಯ ಕೊನೆಗೆ ಗದ್ದೆಗೆ ಹೊಡೆಸುತ್ತಿದ್ದಳು. ಮೀನು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಹೇರಳ. ಅದು ಬಿದ್ದ ಗದ್ದೆಗೆ ಅಂಗಡಿ ಗೊಬ್ಬರ ಅಷ್ಟಾಗಿ ಬೇಡ. ಆದರೆ ಗೊಬ್ಬರದಲ್ಲಿ ಬಂದದ್ದು ಹುಣಸೆಯಲ್ಲಿ ಹೋದದ್ದಕ್ಕೆ ಸಮ ಆಗುತ್ತಿರಲಿಲ್ಲ ಎಂಬುದು ಅವಳ ತೀರ್ಪು. ಅವಳ ಮಗ ಇನ್ನೂ ಮುಂದೆ ಹೋಗಿದ್ದ. ಮರವನ್ನು ಇಟ್ಟಿಗೆ ಗೂಡಿನವರಿಗೆ ಮಾರಿಬಿಡೋಣ ಎನ್ನುತ್ತಿದ್ದ.

ಹೊರಗಿನವರಾದ ನಮಗೆ ಈ ಮಾತು ಕಿವಿಗೆ ಬಿದ್ದದ್ದೇ ಮರಿಗಳ ನೆಪದಲ್ಲಿ. ಪರಿಸರ ಸಂರಕ್ಷಣೆಯ ಭಾಷಣ ಮಾಡಲು ಹೋಗಿದ್ದರೆ ಅಜ್ಜಿ ತವರಿನ ಕತೆ ಹೇಳಿ ಕಳಿಸುತ್ತಿದ್ದಳು. ಅವಳ ಹಿತ್ತಿಲಿನ ಕೆಸರಿನಲ್ಲಿ ಮೊಣಕಾಲೂರಿ ಮರಿ ಹುಡುಕುವವನಿಗೆ ಮಾತ್ರ ಅವಳು ಹುಣಸೆಯ ದರ ಹೇಳುತ್ತಾಳೆ. ಇದು ನನಗೆ ಹೊಳೆಯಲು ತಡವಾಯಿತು, ಮೈಸೂರಿನ ಹಿರಿಯರಿಗೆ ಮೊದಲೇ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಏಕೆಂದರೆ ಮರಿ ಎತ್ತುವ ಕೆಲಸದಿಂದ ಹೆಜ್ಜಾರ್ಲೆಯ ಕುಲ ಉಳಿಯುತ್ತದೆಯೇ ಎಂಬ ಪ್ರಶ್ನೆ ಸಣ್ಣದಲ್ಲ. ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಈ ಕೆಲಸದ ಬಗ್ಗೆ ಅಸಮಾಧಾನವಿತ್ತು. ಹೆಜ್ಜಾರ್ಲೆ ಮೊದಲ ಮೊಟ್ಟೆ ಇಟ್ಟಾಗಿನಿಂದಲೇ ಕಾವು ಕೂರುವುದರಿಂದ ಮರಿಗಳು ಒಂದೇ ದಿನ ಹುಟ್ಟುವುದಿಲ್ಲ, ಕೊನೆಯದು ಯಾವಾಗಲೂ ಸಣಕಲು. ಮೀನು ಸಮೃದ್ಧವಾಗಿರುವ ವರ್ಷ ಅದೂ ಬದುಕುತ್ತದೆ, ಇಲ್ಲದಿದ್ದರೆ ಅಣ್ಣಂದಿರು ನೂಕುತ್ತಾರೆ. ನೀವು ಎತ್ತಿಕೊಂಡು ಬರುವುದು ಪ್ರಕೃತಿ ಕೈಬಿಟ್ಟದ್ದನ್ನು ಎಂದು ಅವರು ವಾದಿಸುತ್ತಿದ್ದರು. ಕೆರೆಗಳು, ದೊಡ್ಡ ಮರಗಳು ಉಳಿದರೆ ಹಕ್ಕಿ ತಾನೇ ಉಳಿಯುತ್ತದೆ, ಬುಟ್ಟಿಯಲ್ಲಿ ಮೀನು ಹೊತ್ತು ಉಳಿಸಲಾಗದು. ವಿಜ್ಞಾನದ ದೃಷ್ಟಿಯಿಂದ ಅವರು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದೇನೂ ಇರಲಿಲ್ಲ. ನನಗೆ ಆಗ ಉತ್ತರ ಗೊತ್ತಿರಲಿಲ್ಲ, ಮುಖ ಊದಿಸಿಕೊಂಡು ಬಂದಿದ್ದೆ.

ಈಗ ಹೇಳುವುದಾದರೆ ಹೀಗೆ ಹೇಳುತ್ತೇನೆ. ಆ ಆವರಣದಲ್ಲಿ ಬೆಳೆದು ಹಾರಿಹೋದ ಮರಿಗಳಿಂದ ಹಕ್ಕಿಗಳ ಸಂಖ್ಯೆಗೆ ಆದ ಲಾಭ ಅಷ್ಟಕ್ಕಷ್ಟೇ ಇರಬಹುದು. ಆದರೆ ಮರಗಳು ಯಾರವು? ಸರ್ಕಾರದವಲ್ಲ. ಹಿತ್ತಿಲಿನ ಹುಣಸೆ, ಹೊಲದ ಬದುವಿನ ಅತ್ತಿ, ಗುಡಿಯ ಮುಂದಿನ ಅರಳಿ, ಎಲ್ಲಕ್ಕೂ ಒಡೆಯರಿದ್ದಾರೆ, ಊರಿದೆ. ಅವರು ಕೊಡಲಿ ಎತ್ತಿದರೆ ತಡೆಯುವವರು ಆ ಊರಿನ ಮಕ್ಕಳೇ ಆಗಬೇಕು. ಕವಣೆ ಹಿಡಿದು ಗೂಡಿಗೆ ಗುರಿಯಿಡುತ್ತಿದ್ದ ವಯಸ್ಸಿನ ಹುಡುಗರು ಸಂಜೆ ಮೀನು ತಿನ್ನಿಸಲು ಸಾಲುಗಟ್ಟುತ್ತಿದ್ದರು. ತಾನು ಎತ್ತಿ ತಂದ ಮರಿಗೆ ಹೆಸರಿಟ್ಟ ಹುಡುಗ ಅದು ಹುಟ್ಟಿದ ಮರವನ್ನು ಅಪ್ಪ ಮಾರಲು ಹೊರಟಾಗ ಸುಮ್ಮನಿರುವುದಿಲ್ಲ, ಕನಿಷ್ಠ ಮನೆಯಲ್ಲಿ ಒಂದು ರಾತ್ರಿ ಜಗಳವಾಗುತ್ತದೆ. ಮೇಷ್ಟ್ರ ಕೆರೆ, ಮರಗಳ ಮಾತಿಗೆ ದಾರಿ ಈ ಜಗಳದ ಮೂಲಕವೇ ಹೋಗುತ್ತದೆ.

ಕಾಗದದ ಮೇಲೆ ಇದಕ್ಕೆ ಮನ್ನಣೆ ಬರಲು ಕಾಲ ಹಿಡಿಯಿತು. 1970ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಊರಿನ ಹಕ್ಕಿಗಳ ಬಗ್ಗೆ ಬರೆದು ಹೊರಜಗತ್ತಿನ ಗಮನ ಸೆಳೆದರು. ಮುಂದೆ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದವರೂ ಅವರೇ. ಜನರ ಜಮೀನನ್ನು ಅವರ ಕೈಯಲ್ಲೇ ಬಿಟ್ಟು ಕಾಪಾಡುವ ‘ಸಮುದಾಯ ಮೀಸಲು’ ಎಂಬ ವರ್ಗ ವನ್ಯಜೀವಿ ಕಾಯ್ದೆಗೆ ಸೇರಿದ್ದು 2002ರ ತಿದ್ದುಪಡಿಯಲ್ಲಿ. ಕೊಕ್ಕರೆ ಬೆಳ್ಳೂರಿಗೆ ಆ ಸ್ಥಾನ ಸಿಕ್ಕಿದ್ದು 2007ರಲ್ಲಿ. ನಾವು ಮೀನು ತಿನ್ನಿಸುತ್ತಿದ್ದಾಗ ಅದು ಬರೀ ಒಂದು ಊರು.

ಸುತ್ತು, ಮೀನು, ತೊಳೆಯುವುದು ಎಲ್ಲ ಮುಗಿದ ಮೇಲೆ ಒಂಬತ್ತರಿಂದ ಹತ್ತು ಗಂಟೆಯ ನಡುವೆ ಒಂದು ಬಿಡುವು ಸಿಗುತ್ತಿತ್ತು. ಚಳಿಗಾಲದ ಕೊನೆಯಲ್ಲಿ ಹೆಜ್ಜಾರ್ಲೆಗಳು ಬೆಳಿಗ್ಗೆ ಬೇಗ ಹೊರಡುವುದಿಲ್ಲ. ಅಷ್ಟು ತೂಕದ ಹಕ್ಕಿ ರೆಕ್ಕೆ ಬಡಿದೇ ದೂರ ಹೋದರೆ ತಂದ ಮೀನು ಹಾರಿದ ಶ್ರಮಕ್ಕೇ ಸರಿಹೋಗುತ್ತದೆ. ನೆಲ ಕಾದು ಬಿಸಿಗಾಳಿ ಮೇಲೇಳುವವರೆಗೆ ಕಾಯುತ್ತವೆ. ಆಮೇಲೆ ಒಂದು ಎದ್ದು ಊರ ಮೇಲೆ ಸುತ್ತು ಹಾಕುತ್ತದೆ, ಅದರ ಹಿಂದೆ ಇನ್ನೊಂದು. ನೋಡನೋಡುತ್ತ ರೆಕ್ಕೆ ಅಲುಗಿಸದೆ ಇಡೀ ಗುಂಪು ಸುರುಳಿಯಾಗಿ ಮೇಲೇರಿ, ಎತ್ತರ ಸಾಕಾದಾಗ ಸೂಳೆಕೆರೆಯ ಕಡೆಗೋ ಮದ್ದೂರು ಕೆರೆಯ ಕಡೆಗೋ ಜಾರಿಬಿಡುತ್ತದೆ. ಆವರಣದೊಳಗಿನ ಮರಿಗಳು ಕತ್ತು ಓರೆಮಾಡಿ ಒಂದು ಕಣ್ಣಿನಿಂದ ಮೇಲೆ ನೋಡುತ್ತಿದ್ದವು. ಅವಕ್ಕೆ ಏನನ್ನಿಸುತ್ತಿತ್ತು ಎಂದು ಬರೆಯುವ ಆಸೆಯಾಗುತ್ತದೆ, ಬೇಡ.

ನಮ್ಮ ಮರಿಗಳನ್ನು ‘ಬಿಡುಗಡೆ’ ಮಾಡುವ ದಿನ ಎಂಬುದೊಂದು ಇರಲೇ ಇಲ್ಲ. ರೆಕ್ಕೆ ಬಲಿತಂತೆ ಆವರಣದ ಗೋಡೆ ಹತ್ತುತ್ತಿದ್ದವು, ಅಲ್ಲಿಂದ ಯಾರದೋ ಮಾಡು, ಅಲ್ಲಿಂದ ತೆಂಗಿನ ತೋಟ. ಸೈಕಲ್ ಬೆಲ್ಲು ಕೇಳಿದರೆ ವಾಪಸು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡುತ್ತದಲ್ಲ, ಆ ನಂತರದ ಬಿಸಿಲಿನ ದಿನಗಳಲ್ಲಿ ಮೀನಿಗೆ ಬರುವವು ಒಂದೊಂದಾಗಿ ಕಡಿಮೆಯಾಗುತ್ತಿದ್ದವು. ವ್ಯಾಪಾರ ಇಳಿಯಿತೆಂದು ಸೈಕಲ್ಲಿನವರು ಗೊಣಗುತ್ತಿದ್ದರು. ಕೆಲವು ಮರಿಗಳು ಸತ್ತವು ಕೂಡ, ಬಿದ್ದ ಪೆಟ್ಟಿಗೆ, ಕಾರಣ ತಿಳಿಯದೆ. ಅವನ್ನು ಹೂಳುವುದು ಎಸ್ಸೆಸ್ಸೆಲ್ಸಿ ಹುಡುಗನ ಕೆಲಸ, ಬೇರೆಯವರಿಗೆ ಬಿಡುತ್ತಿರಲಿಲ್ಲ.

ಕೆಲಸ, ಸಂಸಾರ ಅಂತ ಬೆಂಗಳೂರು ಸೇರಿದ ಮೇಲೆ ಹೋಗುವುದು ತಪ್ಪಿತು. ಮತ್ತೆ ಹೋದದ್ದು 2018ರ ಆರಂಭದಲ್ಲಿ, ಒಳ್ಳೆಯ ಸುದ್ದಿ ಕೇಳಿಯಲ್ಲ. ಹಿಂದಿನ ಡಿಸೆಂಬರಿನಿಂದ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸಾಯುತ್ತಿದ್ದವು. ಈ ಸಲ ಮರದಿಂದ ಬೀಳುತ್ತಿದ್ದವು ಬೆಳೆದ ಹಕ್ಕಿಗಳು. ಹಕ್ಕಿಜ್ವರವೆಂಬ ಭಯ ಮೊದಲು ಹಬ್ಬಿತ್ತು, ಪರೀಕ್ಷೆಯಲ್ಲಿ ಹೊಟ್ಟೆಯೊಳಗಿನ ಜಂತುಹುಳು ಕಾರಣವೆಂದು ತಿಳಿಯಿತು. ಮೀನಿನ ಮೈಯಲ್ಲಿ ಬೆಳೆದು ಮೀನು ತಿಂದ ಹಕ್ಕಿಯೊಳಗೆ ಹೋಗುವ ಹುಳು. ಬುಟ್ಟಿಯಲ್ಲಿ ಮೀನು ಹೊತ್ತು ಉಳಿಸಲಾಗದು ಎಂದ ಮೇಷ್ಟ್ರು ನೆನಪಾದರು. ಕೆರೆ, ಹೊಳೆಗಳ ನೀರಿನಲ್ಲಿ ಏನಾಗುತ್ತಿದೆ ಎಂಬುದಕ್ಕೆ ಒಂದು ಊರಿನ ಪ್ರೀತಿ ಏನು ತಾನೆ ಮಾಡೀತು? ಆದರೆ ಸತ್ತ ಹಕ್ಕಿಗಳ ಎಣಿಕೆ, ಕಾಯಿಲೆ ಬಿದ್ದವನ್ನು ಎತ್ತಿ ತರುವುದು ಎಲ್ಲ ಊರಿನ ಹುಡುಗರ ಕಣ್ಣಳತೆಯಲ್ಲೇ ನಡೆಯುತ್ತಿತ್ತು. ಹಿಂದೆ ನಮ್ಮೆದುರು ಮೀನಿಗೆ ಸಾಲು ನಿಂತಿದ್ದ ಮುಖಗಳು ಕೆಲವನ್ನು ಗುರುತಿಸಿದೆ, ಮೀಸೆ ಬಂದಿತ್ತು, ಹೊಟ್ಟೆಯೂ ಬಂದಿತ್ತು. ಮೊದಲಿಗಿಂತ ಮರ ಕಡಿಮೆ, ತಾರಸಿ ಮನೆ ಹೆಚ್ಚು. ಹುಣಸೆ ಬೆಳೆದು ಗೂಡು ಹೊರುವಂತಾಗಲು ದಶಕಗಳು ಬೇಕು, ತಾರಸಿಗೆ ಆರು ತಿಂಗಳು ಸಾಕು.

ಅಜ್ಜಿಯ ಮರ ಆಗಲೂ ಇತ್ತು. ಅದು ಉಳಿದ ಬಗೆ ಹೀಗೆ. ನಾನಿನ್ನೂ ಮೈಸೂರಿನಲ್ಲಿ ಓದುತ್ತಿದ್ದಾಗ, ಇಟ್ಟಿಗೆ ಗೂಡಿನವರು ಬಂದು ಮರದ ಸುತ್ತು ಅಳೆದು ಹೋದ ವರ್ಷ ಬಳಗದ ಹುಡುಗರು ಅಜ್ಜಿಯ ಮಗನ ಜೊತೆ ಜಗಲಿಯಲ್ಲಿ ಕೂತು ಪಂಚಾಯಿತಿ ಮಾಡಿದರು. ನಾನು ಮೂಲೆಯಲ್ಲಿ ಕೂತು ಕೇಳುತ್ತಿದ್ದೆ. ತವರಿನ ಮಾತು ಯಾರೂ ಎತ್ತಲಿಲ್ಲ. ಹಿಕ್ಕೆ ಬಿದ್ದು ಹೆಂಚು ಹಾಳಾಗುವುದೇ ಅವನ ಮುಖ್ಯ ತಕರಾರು ಎಂದು ಅರ್ಧ ರಾತ್ರಿಯ ಹೊತ್ತಿಗೆ ಹೊರಬಿತ್ತು. ಹಾಗಾದರೆ ಮನೆಯ ಮೇಲೆ ಚಾಚಿದ ಕೊಂಬೆಯೊಂದನ್ನು, ಹಕ್ಕಿ ಎಲ್ಲ ಎದ್ದುಹೋದ ಮೇಲೆ, ಮುಂಗಾರಿಗೆ ಮುಂಚೆ ಕಡಿಯುವುದು. ಸೌದೆ ಅವನದು, ಕೂಲಿ ಹುಡುಗರದು. ಮರ ನಿಲ್ಲಬೇಕು. ಅವನು ಒಪ್ಪಿಕೊಂಡ. ಅಜ್ಜಿ ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು, ಮಾತಾಡಲಿಲ್ಲ.

ಮುಂದಿನ ಮಾಘದಲ್ಲಿ ಹೋದಾಗ ಕೊಂಬೆ ಇರಲಿಲ್ಲ. ಅದರಲ್ಲಿದ್ದ ಹಕ್ಕಿಗಳು ಪಕ್ಕದ ಕೊಂಬೆಗೆ ದಾಟಿದ್ದವು. ಆ ಪಕ್ಕದ ಕೊಂಬೆ ಅಜ್ಜಿಯ ಬಚ್ಚಲುಮನೆಯ ನೆತ್ತಿಗೆ ಸರಿಯಾಗಿತ್ತು.

“ಬಾರ್ಲಾ ಮಗ,” ಎಂದಳು ನನ್ನ ಕಂಡೊಡನೆ, “ನಿಮ್ಮ ಹುಡುಗ್ರ ಕರ್ಕಂಬಾ. ಇನ್ನೊಂದು ಪಂಚಾಯ್ತಿ ಅದೆ.”